ಪಿಕಪ್‌ಗೆ ಎರಡನೇ ಡೀಸೆಲ್ ಟ್ಯಾಂಕ್: ಲೆಕ್ಕ, ಕಾನೂನು, ಕೆಲಸ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಪೆಟ್ರೋಲ್ ಬಂಕ್‌ಗಳಲ್ಲಿ ಆಂಧ್ರದ ನಂಬರಿನ ಗಾಡಿಗಳು ನಿಂತು ಡೀಸೆಲ್ ತುಂಬಿಸಿಕೊಳ್ಳುವುದು ಈ ಭಾಗದವರಿಗೆ ಹೊಸ ನೋಟವಲ್ಲ. ಗಡಿಯ ಈಚೆ ಡೀಸೆಲ್ ಅಗ್ಗ. 2025ರ ಏಪ್ರಿಲ್ 1ರಂದು ಕರ್ನಾಟಕವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿಗೆ 2 ರೂಪಾಯಿ ಹೆಚ್ಚಾದ ಮೇಲೂ ಬೆಂಗಳೂರಿನ ಬೆಲೆ 91 ರೂಪಾಯಿಯ ಆಸುಪಾಸಿನಲ್ಲೇ ನಿಂತಿತು. ಆಂಧ್ರದಲ್ಲಿ ಶೇ 22.25 ವ್ಯಾಟ್, ಅದರ ಮೇಲೆ ಲೀಟರಿಗೆ 4 ರೂಪಾಯಿ, ರಸ್ತೆ ಸೆಸ್ 1 ರೂಪಾಯಿ. ಹೀಗಾಗಿ ಗಡಿ ದಾಟಿದೊಡನೆ ಲೀಟರಿಗೆ ಐದಾರು ರೂಪಾಯಿ ಹೆಚ್ಚು ತೆರಬೇಕು.

ಈ ಅಂತರ ಕಂಡಾಗ ಪಿಕಪ್ ಮಾಲೀಕರ ತಲೆಯಲ್ಲಿ ಒಂದು ಯೋಚನೆ ಸುಳಿಯುವುದು ಸಹಜ: ಬಾಡಿಯ ಮುಂದುಗಡೆ, ಕ್ಯಾಬಿನ್ನಿನ ಹಿಂದೆ ಇನ್ನೊಂದು ಟ್ಯಾಂಕ್ ಕೂರಿಸಿ, ಅಲ್ಲಿಂದ ಒಂದು ಪೈಪು ಎಳೆದು ಕೆಳಗಿನ ಟ್ಯಾಂಕಿಗೆ ಸೇರಿಸಿಬಿಟ್ಟರೆ? ಪಂಪು ಬೇಡ, ಮೋಟರು ಬೇಡ, ಮೇಲಿನದು ತಾನಾಗಿ ಕೆಳಕ್ಕೆ ಇಳಿಯುತ್ತದೆ. ಚಿಂತಾಮಣಿಯಿಂದ ಟೊಮೆಟೊ, ಚಿಕ್ಕಬಳ್ಳಾಪುರದಿಂದ ಹೂವು ಮತ್ತು ದ್ರಾಕ್ಷಿ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ಓಡುವ ಗಾಡಿಗಳ ಜಿಲ್ಲೆಯಲ್ಲಿ ಈ ಯೋಚನೆಗೆ ಗಿರಾಕಿಗಳು ಇದ್ದೇ ಇರುತ್ತಾರೆ. ಕೆಲಸ ನೋಡಲು ಸುಲಭ. ಆದರೆ ತಾನಾಗಿ ಇಳಿಯುವ ಡೀಸೆಲ್, ತಡೆಯುವವರಿಲ್ಲದಿದ್ದರೆ ಇಳಿಯುತ್ತಲೇ ಇರುತ್ತದೆ. ಈ ವ್ಯವಸ್ಥೆಯಲ್ಲಿ ಟ್ಯಾಂಕಿಗಿಂತ ಹೆಚ್ಚು ಗಮನ ಬೇಡುವುದು ಅದನ್ನು ನಿಲ್ಲಿಸುವ ಕಾಕ್ ಮತ್ತು ಅದಕ್ಕೆ ಗಾಳಿ ಕೊಡುವ ಕೊಳವೆ.

ಮೊದಲು ಕಾಗದದ ಮೇಲೆ ಲೆಕ್ಕ

ಹಗುರ ಡೀಸೆಲ್ ಪಿಕಪ್‌ಗಳ ಟ್ಯಾಂಕ್ ಮಾದರಿಗೆ ತಕ್ಕಂತೆ ಸುಮಾರು 35ರಿಂದ 60 ಲೀಟರ್ ಹಿಡಿಯುತ್ತದೆ. ಲೋಡಿನೊಂದಿಗೆ ಲೀಟರಿಗೆ 12 ಕಿ.ಮೀ. ಎಂದು ಹಿಡಿದರೂ 60 ಲೀಟರಿನ ಟ್ಯಾಂಕ್ 700 ಕಿ.ಮೀ. ಓಡಿಸುತ್ತದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರು 60 ಕಿ.ಮೀ. ಒಳಗೇ ಇದೆ. ಚಿಂತಾಮಣಿಯಿಂದ ಮದನಪಲ್ಲಿಯ ಟೊಮೆಟೊ ಮಾರುಕಟ್ಟೆಗೆ ಹೋಗಿ ಬಂದರೂ ಟ್ಯಾಂಕಿನ ಸೂಜಿ ಹೆಚ್ಚೇನೂ ಇಳಿಯುವುದಿಲ್ಲ. ಇಂಥ ಓಡಾಟಕ್ಕೆ ಎರಡನೇ ಟ್ಯಾಂಕಿನ ಅಗತ್ಯವೇ ಹುಟ್ಟುವುದಿಲ್ಲ.

ದೂರದ ಓಟ ನೋಡೋಣ. ಚಿಕ್ಕಬಳ್ಳಾಪುರದಿಂದ ಹೈದರಾಬಾದಿಗೆ 500 ಕಿ.ಮೀ.ಗಿಂತ ತುಸು ಹೆಚ್ಚು. ಹೋಗಿ ಬರಲು ಸಾವಿರ ದಾಟುತ್ತದೆ. ಬೇಕಾಗುವ ಡೀಸೆಲ್ ಸುಮಾರು 85 ಲೀಟರ್. ಹೊರಡುವಾಗ 60 ಲೀಟರ್ ತುಂಬಿಸಿಕೊಂಡರೆ ಹೊರಗೆ ಕೊಳ್ಳಬೇಕಾದ್ದು 25 ಲೀಟರ್. ತಳದಲ್ಲಿ ಉಳಿಸಿಕೊಳ್ಳುವ ಹತ್ತು ಲೀಟರ್ ಸೇರಿಸಿದರೆ 35. ಲೀಟರಿಗೆ 5 ರೂಪಾಯಿ ಉಳಿದರೂ ಒಂದು ಸಲದ ಉಳಿತಾಯ 175 ರೂಪಾಯಿ. ನೂರು ಲೀಟರಿನ ಟ್ಯಾಂಕ್ ಕೂರಿಸಿದವರಿಗೆ ನೂರು ಲೀಟರಿನ ಉಳಿತಾಯ ಸಿಗುವುದಿಲ್ಲ. ಗಡಿಯಾಚೆ ಕೊಳ್ಳಲೇಬೇಕಿದ್ದ ಡೀಸೆಲ್ಲಿನ ಮೇಲೆ ಮಾತ್ರ ದುಡ್ಡು ಉಳಿಯುತ್ತದೆ.

ಇನ್ನು ತೂಕ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. ನೂರು ಲೀಟರ್ ಎಂದರೆ 83 ಕೆ.ಜಿ. ಟ್ಯಾಂಕ್, ಬ್ರಾಕೆಟ್, ಪೈಪುಗಳಿಗೆ ಇನ್ನೊಂದು 25-30 ಕೆ.ಜಿ. ಎಂದುಕೊಂಡರೆ ಒಟ್ಟು 110 ಕೆ.ಜಿ. 15 ಕೆ.ಜಿ. ಲೆಕ್ಕದಲ್ಲಿ ಏಳು ಟೊಮೆಟೊ ಬಾಕ್ಸುಗಳ ಜಾಗ ಅಲ್ಲಿಗೆ ಹೋಯಿತು. ಆ ಏಳು ಬಾಕ್ಸನ್ನೂ ಬಿಡದೆ ಹೇರಿದರೆ ಗಾಡಿ ನಿಗದಿತ ತೂಕ ಮೀರುತ್ತದೆ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ಹಾಗಾದರೆ ಎರಡನೇ ಟ್ಯಾಂಕ್ ಯಾರಿಗೆ ಬೇಕು? 35-40 ಲೀಟರಿನ ಚಿಕ್ಕ ಟ್ಯಾಂಕಿನ ಗಾಡಿಯಲ್ಲಿ ರಾತ್ರಿಯಿಡೀ ನಿಲ್ಲದೆ ಓಡಬೇಕಾದವರಿಗೆ, ಬಂಕ್ ಇಲ್ಲದ ಕಡೆ ದಿನಗಟ್ಟಲೆ ಕೆಲಸ ಮಾಡುವವರಿಗೆ. ಜೆಸಿಬಿಗೋ ಬೋರ್‌ವೆಲ್ ಲಾರಿಗೋ ಡೀಸೆಲ್ ಒಯ್ಯುವವರ ಅಗತ್ಯವೇ ಬೇರೆ. ಅವರಿಗೆ ಬೇಕಾದದ್ದು ಗಾಡಿಯ ಎಂಜಿನ್ನಿಗೆ ಜೋಡಿಸದ, ಪ್ರತ್ಯೇಕ ಸಾಗಣೆ ಪಾತ್ರೆ.

ಕಾನೂನಿನ ಗೆರೆ

ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗುವುದು ಒಳ್ಳೆಯದು. ಜಿಲ್ಲೆಯಲ್ಲಿ ಕೆಎ-40 ಸರಣಿಯ ಚಿಕ್ಕಬಳ್ಳಾಪುರ ಕಚೇರಿಯೂ ಕೆಎ-67 ಸರಣಿಯ ಚಿಂತಾಮಣಿ ಕಚೇರಿಯೂ ಇವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ.

ಟ್ಯಾಂಕ್ ಎಷ್ಟು ಲೀಟರಿನದು ಎಂಬುದು ಆರ್‌ಸಿಯ ಮುಖ್ಯ ವಿವರವಲ್ಲದಿರಬಹುದು, ಆದರೆ ಖಾಲಿ ಗಾಡಿಯ ತೂಕ ಅದರಲ್ಲಿ ನಮೂದಾಗಿರುತ್ತದೆ. ಖಾಯಂ ಆಗಿ ಕೂರಿಸಿದ ಟ್ಯಾಂಕ್ ಅದನ್ನು ಬದಲಿಸುತ್ತದೆ. ಆದ್ದರಿಂದ ಬಾಯಿಮಾತಿನ ಒಪ್ಪಿಗೆಯನ್ನು ನಂಬಿಕೊಳ್ಳಬಾರದು. ಟ್ಯಾಂಕಿನ ನಕ್ಷೆ, ಅಳತೆ, ತೂಕ, ಕೂರಿಸುವ ಜಾಗ ಬರೆದು ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಬೇಕು. ಜೊತೆಗೆ ತಯಾರಕರ ಡೀಲರ್ ಬಳಿ, ಅದೇ ಮಾದರಿಗೆ ಕಂಪನಿಯೇ ಒಪ್ಪಿದ ದೊಡ್ಡ ಟ್ಯಾಂಕ್ ಇದೆಯೇ ಎಂದು ವಿಚಾರಿಸಬೇಕು. ಇದ್ದರೆ ಎಲ್ಲಕ್ಕಿಂತ ಹಗುರವಾದ ದಾರಿ ಅದೇ. ಲೋಹದ ಇಂಧನ ಟ್ಯಾಂಕಿಗೆ ಐಎಸ್ 12056, ಪ್ಲಾಸ್ಟಿಕ್ ಟ್ಯಾಂಕಿಗೆ ಐಎಸ್ 15547 ಎಂಬ ಭಾರತೀಯ ಮಾನಕಗಳಿವೆ. ಟ್ಯಾಂಕ್ ಮಾಡಿಕೊಡುವವರು ಈ ಮಾನಕಗಳ ಹೆಸರನ್ನೇ ಕೇಳಿಲ್ಲವೆಂದರೆ ಆ ಅಂಗಡಿಯಿಂದ ಎದ್ದು ಬರಬಹುದು.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಅನುಮತಿಯಿಲ್ಲದ ಟ್ಯಾಂಕ್ ಅಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳದೆ ಹೋಗದು. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು, ಬೆಂಕಿ ಅಥವಾ ಅಪಘಾತದ ಕ್ಲೇಮಿಗೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಲಿಖಿತ ಅನುಮತಿ ಸಿಗದಿದ್ದರೆ ಕೆಲಸವನ್ನು ಅಲ್ಲಿಗೇ ಕೈಬಿಡುವುದು ಲೇಸು. ಮುಂದೆ ಹೇಳುವ ವಿವರಗಳು ಅನುಮತಿ ಸಿಕ್ಕವರಿಗೆ, ಮತ್ತು ಈಗಾಗಲೇ ಇಂಥ ಟ್ಯಾಂಕ್ ಇರುವ ಗಾಡಿಯನ್ನು ಕೊಂಡು ಅದರ ಸುರಕ್ಷತೆಯ ಬಗ್ಗೆ ಚಿಂತೆಯಲ್ಲಿರುವವರಿಗೆ.

ಮೇಲಿನಿಂದ ಕೆಳಕ್ಕೆ

ಗುರುತ್ವದಿಂದ ಇಂಧನ ಇಳಿಯುವುದು ರೈತರಿಗೆ ಹೊಸದಲ್ಲ. ಹಳೆಯ ಡೀಸೆಲ್ ಪಂಪ್‌ಸೆಟ್ಟುಗಳಲ್ಲೂ ಪವರ್ ಟಿಲ್ಲರುಗಳಲ್ಲೂ ಟ್ಯಾಂಕ್ ಎಂಜಿನ್ನಿನ ಮೇಲುಗಡೆ ಇರುತ್ತದೆ. ಡೀಸೆಲ್ ತಾನಾಗಿ ಫಿಲ್ಟರಿಗೂ ಅಲ್ಲಿಂದ ಪಂಪಿಗೂ ಇಳಿಯುತ್ತದೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿತ್ತು, ಪಂಪು ಇರಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರಿನಲ್ಲಿ ಎಂಜಿನ್ನು ಟ್ಯಾಂಕಿಗಿಂತ ಮೇಲಾಗಿ ಹರಿವು ನಿಂತುಬಿಡುತ್ತಿತ್ತು. ಚಾಲಕರು ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರು. ನಂದಿ ಬೆಟ್ಟದ ತಿರುವುಗಳಂಥ ಏರಿನಲ್ಲಿ ದ್ರವದ ಮಟ್ಟ ಎತ್ತ ವಾಲುತ್ತದೆ ಎಂಬುದು ಇವತ್ತಿನ ಪಿಕಪ್‌ಗೂ ಲೆಕ್ಕಕ್ಕೆ ಬರುವ ಸಂಗತಿ.

ಒಂದು ಮೀಟರ್ ಎತ್ತರದಿಂದ ಇಳಿಯುವ ಡೀಸೆಲ್ಲಿನ ಒತ್ತಡ ಸುಮಾರು 0.08 ಬಾರ್. ಪಿಕಪ್‌ನಲ್ಲಿ ಎರಡು ಟ್ಯಾಂಕುಗಳ ನಡುವೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಎತ್ತರ ಸಿಗಬಹುದು. ಇಂದಿನ ಕಾಮನ್ ರೈಲ್ ಎಂಜಿನ್ನಿನ ಇಂಜೆಕ್ಟರುಗಳು ಕೇಳುವುದು ಸಾವಿರ ಬಾರ್ ಮೀರಿದ ಒತ್ತಡ. ಹಾಗಾಗಿ ಮೇಲಿನ ಟ್ಯಾಂಕ್ ಎಂಜಿನ್ನಿಗೆ ಡೀಸೆಲ್ ಉಣಿಸುವುದಿಲ್ಲ, ಉಣಿಸಲೂಬಾರದು. ಅದರ ಕೆಲಸ ಮುಖ್ಯ ಟ್ಯಾಂಕನ್ನು ತುಂಬುವುದು ಮಾತ್ರ. ಅಮೆರಿಕದ ವಾಣಿಜ್ಯ ವಾಹನ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ಗುರುತ್ವದಿಂದಾಗಲಿ ಸೈಫನ್‌ನಿಂದಾಗಲಿ ಕಾರ್ಬುರೇಟರಿಗೆ ಅಥವಾ ಇಂಜೆಕ್ಟರಿಗೆ ನೇರವಾಗಿ ಇಂಧನ ಕೊಡುವಂತಿಲ್ಲ.

ಒತ್ತಡ ಇಷ್ಟೇ ಎಂದು ಹಗುರವಾಗಿ ಕಾಣಲೂ ಆಗದು. ಗಂಟೆಗೆ 60 ಕಿ.ಮೀ. ಓಡುವ ಪಿಕಪ್ ಗಂಟೆಗೆ ಐದು ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ 80 ಮಿಲಿಲೀಟರಿನಷ್ಟು. ಎಂಟು ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಅರ್ಧ ಮೀಟರ್ ಎತ್ತರದಿಂದ ನಿಮಿಷಕ್ಕೆ ಎರಡು-ಮೂರು ಲೀಟರ್ ಇಳಿಯಬಲ್ಲದು. ದಪ್ಪ ಪೈಪು ಹಾಕಿ ಆಗಬೇಕಾದ್ದು ಏನೂ ಇಲ್ಲ. ಆ ಪೈಪು ಕಳಚಿತೆಂದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ನೂರು ಲೀಟರ್ ಡೀಸೆಲ್ ಟಾರಿನ ಮೇಲಿರುತ್ತದೆ. ಹಿಂದೆ ಬರುವ ಬೈಕಿನವರು ಅದರ ಮೇಲೆ ಜಾರುತ್ತಾರೆ.

ಎಂಥ ಟ್ಯಾಂಕ್

ನೀಲಿ ಡ್ರಮ್ಮು, ನೀರಿನ ಸಿಂಟೆಕ್ಸು, ಎಣ್ಣೆ ಡಬ್ಬಗಳನ್ನು ಟ್ಯಾಂಕ್ ಮಾಡಿಕೊಳ್ಳುವ ಆಸೆ ಬೇಡ. ಅವು ಗಾಡಿಯ ಕುಲುಕಾಟಕ್ಕೆ, ಬಿಸಿಲಿಗೆ, ಡೀಸೆಲ್ಲಿಗೆ ತಯಾರಾದವಲ್ಲ. ಅಲ್ಯುಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಒಳಗೆ ತುಕ್ಕು ಹಿಡಿಯದಂತೆ ಸಂಸ್ಕರಿಸಿದ ಉಕ್ಕಿನ ಹೊಸ ಟ್ಯಾಂಕ್ ಆಗಬೇಕು. ಜಿಐ ಶೀಟು ಸುಲಭವಾಗಿ ಸಿಗುತ್ತದೆ, ಬೆಸುಗೆ ಹಾಕುವವರೂ ಊರಲ್ಲೇ ಇದ್ದಾರೆ. ಆದರೆ ಅದರ ಮೇಲಿನ ಸತುವಿನ ಲೇಪ ಡೀಸೆಲ್ಲಿನೊಂದಿಗೆ ಸೇರಿ ಸಾಬೂನಿನಂಥ ಜಿಡ್ಡು ಕಟ್ಟುತ್ತದೆ. ಆ ಜಿಡ್ಡು ಮೊದಲು ಫಿಲ್ಟರನ್ನು, ಆಮೇಲೆ ಇಂಜೆಕ್ಟರನ್ನು ಮುಚ್ಚುತ್ತದೆ. ತಾಮ್ರವೂ ಡೀಸೆಲ್ ಬೇಗ ಕೆಡಲು ಕಾರಣವಾಗುತ್ತದೆ, ಆದ್ದರಿಂದ ತಾಮ್ರದ ಕೊಳವೆಯೂ ಬೇಡ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್6 ಹೊಗೆ ಮಾನಕ ಜಾರಿಯಾದ ಮೇಲೆ ಈ ಎಚ್ಚರ ಇನ್ನಷ್ಟು ಅಗತ್ಯವಾಗಿದೆ. ಹಳೆಯ ಎಂಜಿನ್ನು ಸಹಿಸಿಕೊಳ್ಳುತ್ತಿದ್ದ ಕಸ, ನೀರು ಹೊಸ ಇಂಜೆಕ್ಟರಿಗೆ ಮಾರಕ. ಟ್ಯಾಂಕಿನ ಹೊರದಾರಿ ತಳಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲಿರಲಿ. ತಳದಲ್ಲಿ ನಿಂತ ನೀರು, ಮಡ್ಡಿ ಪೈಪಿಗೆ ಹೋಗದೆ ಅಲ್ಲೇ ಉಳಿಯುತ್ತವೆ. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಒಂದು ಡ್ರೈನ್ ಪ್ಲಗ್ ಇರಲಿ. ಟ್ಯಾಂಕಿನೊಳಗೆ ತೂತುಗಳಿರುವ ಅಡ್ಡತಗಡುಗಳು ಇರಲೇಬೇಕು. ಅವಿಲ್ಲದಿದ್ದರೆ ಬ್ರೇಕ್ ಹಾಕಿದಾಗಲೆಲ್ಲ 80 ಕೆ.ಜಿ. ದ್ರವ ಒಂದೇ ಏಟಿಗೆ ಮುಂದಿನ ಗೋಡೆಗೆ ಅಪ್ಪಳಿಸುತ್ತದೆ, ಬೆಸುಗೆ ಬಿಡುತ್ತದೆ.

ಗಾತ್ರದ ವಿಚಾರದಲ್ಲಿ ಒಂದು ಸರಳ ಸೂತ್ರ ಇಟ್ಟುಕೊಳ್ಳಬಹುದು: ಎರಡನೇ ಟ್ಯಾಂಕ್ ಮುಖ್ಯ ಟ್ಯಾಂಕಿನ ಮುಕ್ಕಾಲು ಭಾಗಕ್ಕಿಂತ ದೊಡ್ಡದಾಗಿರಬಾರದು. ಮುಖ್ಯ ಟ್ಯಾಂಕ್ 60 ಲೀಟರಿನದಾದರೆ ಎರಡನೆಯದು 45 ಲೀಟರ್. ಮುಖ್ಯ ಟ್ಯಾಂಕ್ ಕಾಲು ಭಾಗಕ್ಕೆ ಇಳಿದ ಮೇಲಷ್ಟೇ ಕಾಕ್ ತೆರೆಯುವ ಅಭ್ಯಾಸವಿದ್ದರೆ, ಚಾಲಕರು ಅದನ್ನು ಮುಚ್ಚಲು ಮರೆತರೂ ಮೇಲಿನದೆಲ್ಲ ಕೆಳಗೆ ಹಿಡಿಯುತ್ತದೆ. ನೂರು ಲೀಟರಿನ ಟ್ಯಾಂಕಿನಲ್ಲಿ ಈ ರಕ್ಷಣೆ ಇಲ್ಲ.

ಹಳೆಯ ಟ್ಯಾಂಕಿಗೆ ಬೆಸುಗೆ ಹಾಕುವುದು ಪ್ರಾಣಕ್ಕೇ ಅಪಾಯ. ಖಾಲಿಯಾಗಿ ಕಂಡರೂ ಒಳಗೆ ಉಳಿದ ಆವಿ ಬೆಸುಗೆಯ ಕಿಡಿಗೆ ಸಿಡಿಯಬಲ್ಲದು. ಹೊಸ ಟ್ಯಾಂಕನ್ನು ಕಡಿಮೆ ಒತ್ತಡದ ಗಾಳಿ ತುಂಬಿ, ಬೆಸುಗೆಯ ಮೇಲೆಲ್ಲ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ ಮೇಲೆಯೇ ಗಾಡಿಗೆ ಏರಿಸಬೇಕು.

ಎಲ್ಲಿ, ಹೇಗೆ ಕೂರಿಸಬೇಕು

ಕ್ಯಾಬಿನ್ ಮತ್ತು ಲೋಡಿನ ನಡುವಿನ ಜಾಗ ಸಾಮಾನ್ಯವಾಗಿ ಸೂಕ್ತ. ಅಲ್ಲಿ ತೂಕ ಎರಡು ಆಕ್ಸೆಲ್‌ಗಳ ನಡುವೆ ಬೀಳುತ್ತದೆ, ಹಿಂದಿನಿಂದ ಗುದ್ದಿದರೆ ಮೊದಲ ಏಟು ಟ್ಯಾಂಕಿಗೆ ಬೀಳುವುದಿಲ್ಲ. ಬರಿಯ ಬಾಡಿಯ ತಗಡಿಗೆ ಬೋಲ್ಟ್ ಹೊಡೆದರೆ ಕೆಲವೇ ತಿಂಗಳಲ್ಲಿ ತಗಡು ಹರಿಯುತ್ತದೆ. ಬ್ರಾಕೆಟ್‌ಗಳು ಚಾಸಿಗೆ ಸೇರಬೇಕು, ಚಾಸಿಯಲ್ಲಿ ಆಗಲೇ ಇರುವ ತೂತುಗಳನ್ನೋ ಯು-ಬೋಲ್ಟನ್ನೋ ಬಳಸಿ. ಚಾಸಿಯ ಮೇಲಿನ, ಕೆಳಗಿನ ಅಂಚುಗಳಲ್ಲಿ ಹೊಸ ತೂತು ಕೊರೆಯಬಾರದು. ಭಾರವೆಲ್ಲ ಹೊರುವುದು ಆ ಅಂಚುಗಳೇ. ಟ್ಯಾಂಕ್ ಮತ್ತು ಬ್ರಾಕೆಟ್ ನಡುವೆ ಗಟ್ಟಿ ರಬ್ಬರ್ ಪಟ್ಟಿ ಬೇಕು.

ಸೈಲೆನ್ಸರ್ ಇರುವ ಪಕ್ಕದಲ್ಲಿ ಪೈಪು ಎಳೆಯಬಾರದು. ಬಿಎಸ್6 ಗಾಡಿಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನಲ್ಲಿ ಕೂಡಿದ ಮಸಿಯನ್ನು ಸುಟ್ಟುಕೊಳ್ಳುವಾಗ ಒಳಗಿನ ಶಾಖ 600 ಡಿಗ್ರಿ ಮುಟ್ಟುತ್ತದೆ. ಡೀಸೆಲ್ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸಿನ ಶಾಖ ಸಾಕು. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತುವುದಿಲ್ಲ ಎಂಬುದು ನಿಜ. ಆದರೂ ಭಾರತೀಯ ಮಾನಕದಲ್ಲಿ ಡೀಸೆಲ್ಲಿನ ಫ್ಲ್ಯಾಶ್ ಪಾಯಿಂಟಿಗೆ ಇರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ತಿಂಗಳ ಮಧ್ಯಾಹ್ನ ಗೌರಿಬಿದನೂರಿನಲ್ಲಿ ಬಿಸಿಲಿಗೆ ನಿಂತ ಗಾಡಿಯ ತಗಡು ಆ ಶಾಖವನ್ನು ಸುಲಭವಾಗಿ ದಾಟುತ್ತದೆ.

ಲೋಡಿನ ದೃಷ್ಟಿಯಿಂದಲೂ ಟ್ಯಾಂಕ್ ಮತ್ತು ಸರಕಿನ ನಡುವೆ ಒಂದು ತಡೆಗೋಡೆ ಬೇಕು. ಹೂವು, ದ್ರಾಕ್ಷಿಗೆ ಡೀಸೆಲ್ ವಾಸನೆ ಹತ್ತಿದರೆ ವ್ಯಾಪಾರಿ ಮುಟ್ಟುವುದಿಲ್ಲ. ಹಿಪ್ಪುನೇರಳೆ ಸೊಪ್ಪಿಗೆ ಸೋರಿದರಂತೂ ಆ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲ. ರೇಷ್ಮೆಹುಳು ರಾಸಾಯನಿಕಗಳಿಗೆ ಎಷ್ಟು ಸೂಕ್ಷ್ಮ ಎಂಬುದು ಶಿಡ್ಲಘಟ್ಟದ ಸಾಕಣೆದಾರರಿಗೆ ಹೇಳಿಕೊಡಬೇಕಿಲ್ಲ.

ಗಾಳಿಕೊಳವೆ ಮತ್ತು ಕಾಕ್

ಟ್ಯಾಂಕಿನಿಂದ ಒಂದು ಲೀಟರ್ ಡೀಸೆಲ್ ಹೊರಹೋಗಬೇಕಾದರೆ ಒಂದು ಲೀಟರ್ ಗಾಳಿ ಒಳಬರಬೇಕು. ಗಾಳಿಕೊಳವೆ ಮುಚ್ಚಿಕೊಂಡರೆ ಹರಿವು ಸೊರಗಿ ನಿಲ್ಲುತ್ತದೆ. ಮೇಲಿನ ಟ್ಯಾಂಕ್ ತುಂಬಿದ್ದರೂ ಕೆಳಗಿನದು ಬರಿದಾಗುತ್ತದೆ. ಕೊಳವೆಯ ತುದಿ ಟ್ಯಾಂಕಿನ ಮೇಲ್ಮಟ್ಟಕ್ಕಿಂತ ಎತ್ತರಕ್ಕೆ ಹೋಗಿ, ಕೆಳಮುಖವಾಗಿ ಬಾಗಿರಲಿ. ತುದಿಗೆ ದೂಳು ತಡೆಯುವ ಜಾಲರಿ ಇರಲಿ. ಗಾಡಿ ಮಗುಚಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇದರಲ್ಲಿ ಇರಲೇಬೇಕು.

ಸೇರಿಸುವ ಜಾಗ ಮುಖ್ಯ ಟ್ಯಾಂಕಿನ ತುಂಬುಬಾಯಿಯ ರಬ್ಬರ್ ಕೊಳವೆ. ಅದನ್ನು ಕತ್ತರಿಸಿ ಲೋಹದ ಟಿ-ಜಾಯಿಂಟ್ ಕೂರಿಸಿ, ಎರಡೂ ಕಡೆ ಗಟ್ಟಿ ಕ್ಲಿಪ್ ಬಿಗಿಯಬೇಕು. ಎಂಜಿನ್ನಿಗೆ ಹೋಗುವ ಪೈಪನ್ನಾಗಲಿ, ಎಂಜಿನ್ನಿನಿಂದ ಮರಳುವ ರಿಟರ್ನ್ ಪೈಪನ್ನಾಗಲಿ ಮುಟ್ಟಬಾರದು. ಅಲ್ಲಿ ಕೈಹಾಕಿದರೆ ಏರ್ ಹಿಡಿದು ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಡೀಸೆಲ್ಲಿಗೆಂದೇ ತಯಾರಾದ, ಎಸ್‌ಎಇ ಜೆ30 ಗುರುತಿನ ಹೋಸ್ ಬಳಸಬೇಕು. ತೋಟಕ್ಕೆ ನೀರು ಬಿಡುವ ಪೈಪು ಡೀಸೆಲ್ ಸೋಕಿ ಗಡಸಾಗಿ ಬಿರಿಯುತ್ತದೆ.

ಈಗ ಇಡೀ ವ್ಯವಸ್ಥೆಯ ನಾಜೂಕಿನ ಜಾಗ. ಮನೆ ಮೇಲಿನ ನೀರಿನ ಟ್ಯಾಂಕ್ ತುಂಬಿದ್ದು ಕೆಳಗಿನ ನಲ್ಲಿ ತೆರೆದೇ ಇದ್ದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ: ಮುಖ್ಯ ಟ್ಯಾಂಕ್ ತುಂಬಿದ ಮೇಲೂ ಮೇಲಿನ ಡೀಸೆಲ್ ತಳ್ಳುತ್ತಲೇ ಇರುತ್ತದೆ, ಮುಖ್ಯ ಟ್ಯಾಂಕಿನ ಗಾಳಿಕೊಳವೆಯಿಂದಲೋ ಮುಚ್ಚಳದ ಸಂದಿಯಿಂದಲೋ ಹೊರಚೆಲ್ಲುತ್ತದೆ. ಬಂಕಿನಲ್ಲಿ ಹುಡುಗ ಮುಚ್ಚಳ ತಿರುಗಿಸಿದ ಗಳಿಗೆಯಲ್ಲಿ ಡೀಸೆಲ್ ಅವನ ಕೈಮೇಲೆ ಉಕ್ಕಬಹುದು.

ಇದಕ್ಕೆ ಎರಡು ತಡೆ ಬೇಕು, ಒಂದು ಸಾಲದು. ಮೊದಲನೆಯದು ಮೇಲಿನ ಟ್ಯಾಂಕಿನ ಹೊರದಾರಿಗೇ ಅಂಟಿದಂತೆ ಕೈಯಿಂದ ತಿರುಗಿಸುವ ಕಾಕ್. ಪೈಪು ಎಲ್ಲೇ ಹರಿದರೂ ಅಲ್ಲಿ ನಿಲ್ಲಿಸಬಹುದು. ಎರಡನೆಯದು 12 ವೋಲ್ಟಿನ ಸೊಲೆನಾಯ್ಡ್ ವಾಲ್ವ್. ಕರೆಂಟ್ ಇಲ್ಲದಾಗ ಮುಚ್ಚಿಯೇ ಇರುವಂಥದ್ದನ್ನು ಆರಿಸಿ, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಇಗ್ನಿಷನ್ ಮೂಲಕ, ಫ್ಯೂಸ್ ಹಾಕಿ ಜೋಡಿಸಬೇಕು. ಬೀಗ ತಿರುಗಿಸಿ ಗಾಡಿ ಆಫ್ ಮಾಡಿದೊಡನೆ ಹರಿವು ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದಾಗ, ಚಾಲಕರು ನಿದ್ದೆ ಹೋದಾಗ ಕಾಯುವುದು ಇದೇ ವಾಲ್ವ್. ಕೆಳಗಿನ ಡೀಸೆಲ್ ಹಿಂದಕ್ಕೆ ನುಗ್ಗದಂತೆ ಒಂದು ಒಮ್ಮುಖ ವಾಲ್ವನ್ನೂ ಹಾಕಬಹುದು.

ತುಂಬುವ, ಬಿಡುವ ಕ್ರಮ

ಮೊದಲ ಸಲ ಹತ್ತು ಲೀಟರ್ ಮಾತ್ರ ತುಂಬಿ. ಕಾಕ್ ಮುಚ್ಚಿ ಒಂದು ರಾತ್ರಿ ಬಿಟ್ಟು, ಪ್ರತಿ ಜಾಯಿಂಟಿನ ಕೆಳಗೂ ಕಾಗದ ಹಾಸಿ ಬೆಳಿಗ್ಗೆ ನೋಡಿ. ಮರುದಿನ ಮೊದಲ ಕಾಕ್ ತೆರೆದು, ಸೊಲೆನಾಯ್ಡ್ ಮುಚ್ಚಿಟ್ಟು ಅದೇ ಪರೀಕ್ಷೆ ಮಾಡಿ. ಮೂರನೆಯ ಸಲ ಎರಡೂ ತೆರೆದು ಓಡಿಸಿ. ಸ್ವಲ್ಪ ದೂರ ಕುಲುಕಿದ ಮೇಲೆ ಕ್ಲಿಪ್ಪುಗಳನ್ನೂ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಬೇಕು.

ದಿನನಿತ್ಯದ ಬಳಕೆಯಲ್ಲಿ ಈ ಕ್ರಮ ತಪ್ಪಬಾರದು: ಬಂಕಿಗೆ ಬರುವ ಮೊದಲೇ ಕಾಕ್ ಮುಚ್ಚುವುದು, ಮೊದಲು ಮುಖ್ಯ ಟ್ಯಾಂಕ್ ತುಂಬಿಸಿ ಮುಚ್ಚಳ ಬಿಗಿಯುವುದು, ಆಮೇಲೆ ಮೇಲಿನದನ್ನು ತುಂಬುವುದು. ಮೇಲಿನದನ್ನು ಬಾಯಿಮಟ್ಟ ತುಂಬುವಂತಿಲ್ಲ. ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. 20 ಡಿಗ್ರಿ ಶಾಖ ಏರಿದರೆ ನೂರು ಲೀಟರ್ ಸುಮಾರು ಒಂದೂವರೆ ಲೀಟರಿನಷ್ಟು ಹೆಚ್ಚುತ್ತದೆ. ಅಮೆರಿಕದ ನಿಯಮಗಳಲ್ಲಿ ಟ್ಯಾಂಕನ್ನು ಶೇ 95ಕ್ಕಿಂತ ಹೆಚ್ಚು ತುಂಬಲು ಆಗದಂತೆಯೇ ತಯಾರಿಸಬೇಕೆಂದಿದೆ. ಕಾಲು ಭಾಗಕ್ಕೆ ಸೂಜಿ ಇಳಿದ ಮೇಲೆ ಕಾಕ್ ಮತ್ತು ಸ್ವಿಚ್ ತೆರೆದು, ಮುಕ್ಕಾಲಿಗೆ ಬಂದಾಗ ಮುಚ್ಚಬೇಕು. ಡ್ಯಾಶ್‌ಬೋರ್ಡಿನ ಸೂಜಿ ಕೆಳಗಿನ ಟ್ಯಾಂಕಿನದನ್ನಷ್ಟೇ ತೋರಿಸುತ್ತದೆ. ಮೇಲಿನದಕ್ಕೆ ಬೇರೆ ಗೇಜ್ ಇಲ್ಲದಿದ್ದರೆ ಕಿಲೋಮೀಟರ್ ಬರೆದಿಟ್ಟುಕೊಳ್ಳುವುದೇ ದಾರಿ.

ಟ್ಯಾಂಕ್ ಬೇಡವೆಂದು ತೀರ್ಮಾನಿಸಿದವರಿಗೆ

ಲೆಕ್ಕ ಹಾಕಿದ ಮೇಲೆ ಬಹುಪಾಲು ಮಾಲೀಕರು ಇಲ್ಲಿಗೇ ಬರುತ್ತಾರೆ, ಅದರಲ್ಲಿ ನಷ್ಟವಿಲ್ಲ. ಹೈದರಾಬಾದಿನ ಕಡೆ ಹೊರಡುವವರು ಬಾಗೇಪಲ್ಲಿಯಲ್ಲಿ, ಹಿಂದೂಪುರದ ಕಡೆಯವರು ಗೌರಿಬಿದನೂರಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿಕೊಂಡರೆ ಅರ್ಧ ಲಾಭ ಕೈಗೆ ಬಂದಂತೆ. ಟೈರಿನ ಗಾಳಿ ಸರಿಯಿದ್ದು, ಏರ್ ಫಿಲ್ಟರ್ ಚೊಕ್ಕವಾಗಿದ್ದು, ಲೀಟರಿಗೆ ಒಂದು ಕಿ.ಮೀ. ಹೆಚ್ಚು ಬಂದರೆ ಸಾವಿರ ಕಿ.ಮೀ. ಓಟದಲ್ಲಿ ಆರು ಲೀಟರಿಗೂ ಹೆಚ್ಚು ಉಳಿಯುತ್ತದೆ. ಟ್ಯಾಂಕ್ ತರುವ 175 ರೂಪಾಯಿಗಿಂತ ಇದು ಮೂರು ಪಟ್ಟು.

ತೋಟದ ಜನರೇಟರಿಗೋ ಟ್ರ್ಯಾಕ್ಟರಿಗೋ ಡೀಸೆಲ್ ಒಯ್ಯಬೇಕಾದವರಿಗೆ 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಅವಕಾಶವಿದೆ. ಡೀಸೆಲ್ ಆ ಕಾಯ್ದೆಯಡಿ ‘ಬಿ’ ವರ್ಗಕ್ಕೆ ಸೇರುತ್ತದೆ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ ಮತ್ತು ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಸಾಗಣೆಗಾಗಲಿ ಸಂಗ್ರಹಕ್ಕಾಗಲಿ ಲೈಸೆನ್ಸ್ ಬೇಕಿಲ್ಲ. ಪಾತ್ರೆ ಮಾತ್ರ ಇಂಧನಕ್ಕೆ ಒಪ್ಪಿಗೆ ಪಡೆದದ್ದಾಗಿರಬೇಕು. ತುಂಬುವಾಗ ಅದನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಬೇಕು. ಪ್ಲಾಸ್ಟಿಕ್ ಹಾಸಿದ ಬಾಡಿಯಲ್ಲಿ ಇಟ್ಟು ತುಂಬಿದರೆ ಹರಿವಿನಿಂದ ಹುಟ್ಟುವ ಸ್ಥಿರ ವಿದ್ಯುತ್ತಿಗೆ ನೆಲಕ್ಕಿಳಿಯುವ ದಾರಿ ಇರುವುದಿಲ್ಲ, ಒಂದು ಕಿಡಿ ಸಾಕಾಗುತ್ತದೆ.

ಆಗಾಗ ನೋಡಬೇಕಾದ್ದು

ಟ್ಯಾಂಕ್ ಕೂರಿಸಿದವರು ಪ್ರತಿ ಟ್ರಿಪ್ಪಿಗೂ ಮೊದಲು ಬಗ್ಗಿ ಪೈಪು, ಕ್ಲಿಪ್ಪು, ಟಿ-ಜಾಯಿಂಟ್ ನೋಡಬೇಕು. ಬಟ್ಟೆಯಿಂದ ಒರೆಸಿದರೆ ಸಣ್ಣ ಜಿನುಗೂ ತಿಳಿಯುತ್ತದೆ. ತಿಂಗಳಿಗೊಮ್ಮೆ ಡ್ರೈನ್ ಪ್ಲಗ್ ತೆಗೆದು ತಳದ ನೀರನ್ನು ಗಾಜಿನ ಬಾಟಲಿಗೆ ಬಿಡಬೇಕು. ಮಳೆಗಾಲದಲ್ಲಿ ಇದನ್ನು ಎರಡು ವಾರಕ್ಕೊಮ್ಮೆ ಮಾಡಿದರೆ ಒಳಿತು: ಅರೆ ತುಂಬಿದ ಟ್ಯಾಂಕಿನಲ್ಲಿ ತೇವಾಂಶ ನೀರಾಗಿ ಇಳಿಯುತ್ತದೆ, ನೀರು ನಿಂತಲ್ಲಿ ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಗಾಳಿಕೊಳವೆಯ ಜಾಲರಿಯನ್ನು ಅದೇ ದಿನ ಕೊಡವಬೇಕು. ರಬ್ಬರ್ ಹೋಸ್ ಬಿರುಕು ತೋರಿದ ದಿನವೇ ಬದಲಾಯಿಸಬೇಕು, ಮುಂದಿನ ಟ್ರಿಪ್ಪಿನ ತನಕ ಕಾಯುವಂತಿಲ್ಲ.

ಗಾಡಿಯಲ್ಲಿ ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಮತ್ತು ಒಂದು ಚೀಲ ಒಣ ಮರಳು ಇರಲಿ. ದಾರಿಯಲ್ಲಿ ಸೋರಿಕೆ ಕಂಡರೆ ಮೊದಲು ಎಂಜಿನ್ ಆಫ್, ಆಮೇಲೆ ಟ್ಯಾಂಕಿನ ಕಾಕ್ ಬಂದ್, ಬಳಿಕ ರಸ್ತೆಯ ಮೇಲೆ ಚೆಲ್ಲಿದ್ದರ ಮೇಲೆ ಮರಳು. ಕಾಕ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಎಂಬುದನ್ನು ಮಾಲೀಕರಷ್ಟೇ ಅಲ್ಲ, ಗಾಡಿ ಓಡಿಸುವ ಪ್ರತಿಯೊಬ್ಬರೂ ಲೋಡು ಎತ್ತುವ ಹುಡುಗರೂ ತಿಳಿದಿರಬೇಕು. ಹಾಗಾಗಿ ಕಾಕ್ ಪಕ್ಕದಲ್ಲೇ ಕೆಂಪು ಬಣ್ಣದಲ್ಲಿ ಬಾಣ ಬರೆದು, ‘ಬಂದ್’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಿ. ಆರ್‌ಟಿಒ ಕೊಟ್ಟ ಅನುಮತಿಪತ್ರದ ಪ್ರತಿಯನ್ನು ಆರ್‌ಸಿ, ವಿಮೆ, ಎಫ್‌ಸಿ ಜೊತೆ ಗಾಡಿಯಲ್ಲೇ ಇಡಿ.